ಸಮಸ್ಯೆ: ಬತ್ತಿ ಹೋಗಿಹ ಬಾವಿ

ಚಾವಡಿ ಮೇಷ್ಟ್ರು
ಹೋದ ವಾರ ಮಲ್ಲಿಗೆ, ಮಳೆ, ಮುನಿಸು ಅಂತ ಎಲ್ಲರೂ ಹಾಯಾಗಿ ಬರೆದಿರಿ. ಈ ಸಲ ಸ್ವಲ್ಪ ಮರಳು ತಿನ್ನಿ. ಛಂದಸ್ಸು ಭಾಮಿನಿ ಷಟ್ಪದಿ, ಮೂರು ನಾಲ್ಕು ಮಾತ್ರೆಯ ಗಣಗಳು. ಕೊನೆಯ ಸಾಲು ನನ್ನದು, ಮೇಲಿನ ಐದು ಬರೆದು ಪೂರಣ ಮಾಡುವವರು ನೀವು.

*ಬತ್ತಿ ಹೋಗಿಹ ಬಾವಿ ತಣಿಸಿತು ನಾಡ ದಾಹವನು*

ವಸ್ತು ಫ್ರೆಂಚರ ಒಂದು ಕಾಲಾಳು ಡಿವಿಷನ್ನು: 1ನೇ ಸ್ವತಂತ್ರ ಫ್ರೆಂಚ್ ಡಿವಿಷನ್. 1940ರ ಜೂನಿನಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾದ ಮೇಲೂ ಶರಣಾಗಲೊಪ್ಪದ ಫ್ರೆಂಚ್ ಜನರಲ್ ದ ಗಾಲ್ ಬೆನ್ನಿಗೆ ನಿಂತ ಹಠಮಾರಿಗಳ ಪಡೆ. ಲಿಬಿಯಾದ ಮರಳುಗಾಡಿನಲ್ಲಿ ಬೀರ್ ಹಕೀಮ್ ಅಂತ ಒಂದು ಜಾಗ. ಅರಬ್ಬಿಯಲ್ಲಿ ಬೀರ್ ಎಂದರೆ ಬಾವಿ. ತುರ್ಕರ ಕಾಲದ ಪಾಳು ಕೋಟೆ, ನೀರಿಲ್ಲದ ಬಾವಿ, ಅಷ್ಟೇ. 1942ರ ಮೇ 26ರಿಂದ ಜೂನ್ 11ರವರೆಗೆ ಅಲ್ಲಿ ಆ ಪಡೆ ಜರ್ಮನ್ ಸೇನಾಪತಿ ರೊಮ್ಮೆಲ್‌ನ ಮುತ್ತಿಗೆಯನ್ನು ತಡೆದು ನಿಂತ ಕಥೆ ತಿಳಿಯದವರು ಸುಬೇದಾರರನ್ನು ಕೇಳಿ. ಬಿಡುವಿದ್ದಾಗ ಮಾತ್ರ ಕೇಳಿ.

ಕಂದಪ್ರಿಯ
ಮತ್ತೆ ಭಾಮಿನಿಯೇ? ಈ ಚಾವಡಿಯಲ್ಲಿ ಕಂದಪದ್ಯ ಬರೆಯೋರು ಇನ್ನೂ ಇದ್ದೀವಿ ಸ್ವಾಮಿ.

ಚಾವಡಿ ಮೇಷ್ಟ್ರು
ಇದ್ದೀರಿ. ಎರಡು ತಿಂಗಳ ಹಿಂದೆ ನಿಮಗೆ ಕೊಟ್ಟ ಕಂದವೂ ಇನ್ನೂ ತೊಟ್ಟಿಲಲ್ಲೇ ಇದೆ.

ಸುಬೇದಾರ್
ಮೇಷ್ಟ್ರೇ, ಕ್ಷಮಿಸಿ, ಮೊದಲೇ ಒಂದು ತಪ್ಪು. ಬೀರ್ ಹಕೀಮ್‌ನಲ್ಲಿ ಇದ್ದದ್ದು ಡಿವಿಷನ್ ಅಲ್ಲ, ಅದಕ್ಕಿಂತ ಚಿಕ್ಕದಾದ ಬ್ರಿಗೇಡು. ಜನರಲ್ ಕೊನಿಗ್ ಕೈಕೆಳಗೆ ಸುಮಾರು 3700 ಜನ. ಅದೇ ಬೆಳೆದು ಡಿವಿಷನ್ ಆದದ್ದು 1943ರ ಫೆಬ್ರವರಿ 1ಕ್ಕೆ. ಆಮೇಲೆ ಟುನೀಸಿಯಾ, ಇಟಲಿಯ ಗರಿಲ್ಯಾನೊ, 1944ರ ಆಗಸ್ಟಿನಲ್ಲಿ ಪ್ರೊವಾನ್ಸ್ ಕರಾವಳಿ, ಟೂಲೋನ್, ಲಿಯೋನ್, ವೋಜ್ ಬೆಟ್ಟಗಳು, ಆಲ್ಸೇಸ್, ಕೊನೆಗೆ ಆಲ್ಪ್ಸ್‌ನ ಓತಿಯೋನ್.

ಕಡಲತಡಿ
ಇದಕ್ಕೆ ಭಾಮಿನಿ ಸಾಲದು ಮಾರಾಯ್ರೆ, ರಗಳೆಯೇ ಬೇಕು.

ಚಾವಡಿ ಮೇಷ್ಟ್ರು
1941ರಲ್ಲಿ ಸಿರಿಯಾಕ್ಕೆ ನುಗ್ಗಿದಾಗಲೇ ಅದಕ್ಕೆ ಲಘು ಡಿವಿಷನ್ ಅಂತ ಹೆಸರಿತ್ತಲ್ಲ ಸುಬೇದಾರ್ರೇ? ನಾನು ಪೂರ್ತಿ ತಪ್ಪಿಲ್ಲ.

ಸುಬೇದಾರ್
ಇತ್ತು. ಅಲ್ಲಿ ಎದುರಿಗಿದ್ದವರೂ ಫ್ರೆಂಚರೇ, ಹಿಟ್ಲರನ ಜೊತೆ ರಾಜಿಯಾದ ವಿಶಿ ಸರ್ಕಾರದವರು. ಅಣ್ಣತಮ್ಮಂದಿರ ಕಾಳಗ. ನಮ್ಮ 5ನೇ ಇಂಡಿಯನ್ ಬ್ರಿಗೇಡು ಡಮಾಸ್ಕಸ್ ಹತ್ತಿರ ಮೆಝ್ಝೆಯಲ್ಲಿ ದ ಗಾಲ್ ಕಡೆಯವರ ಜೊತೆಗಿತ್ತು.

ಧಾರವಾಡದ ಫೇಡೆ
ಡಿವಿಷನ್, ಬ್ರಿಗೇಡ್ ಅಂತ ಬಡದಾಡೂದು ಯಾಕ್ರಿ? ಅಕ್ಷೌಹಿಣಿ ಅಂದ್ರ ಮುಗೀತು.

ಮಾತ್ರಾಗಣಪತಿ
ಮಹಾಭಾರತದ ಲೆಕ್ಕದಲ್ಲಿ ಅಕ್ಷೌಹಿಣಿಯ ಕಾಲಾಳೇ 1,09,350. ಅಷ್ಟು ಜನಕ್ಕೆ ಆ ಬಾವಿಯ ಕಟ್ಟೆಯ ಮೇಲೆ ಜಾಗ ಎಲ್ಲಿದೆ? ಅನೀಕಿನಿ ಎಂದರೂ 10,935. ನಿಮಗೆ ಬೇಕಾದದ್ದು ಚಮೂ. ಅದರ ಕಾಲಾಳು 3645. ಸುಬೇದಾರರ 3700ಕ್ಕೆ 55 ಕಡಿಮೆ, ಅವರನ್ನು ಅಡುಗೆಗೆ ಇಟ್ಟುಕೊಳ್ಳಿ.

ಕಡಲತಡಿ
ಮತ್ತೆ ಚಮೂವಿನ 729 ಆನೆಗಳಿಗೆ ನೀರು ಯಾರು ಕುಡಿಸುವುದು?

ಧಾರವಾಡದ ಫೇಡೆ
ಲೆಕ್ಕ ಆಮ್ಯಾಲ ಮಾಡ್ರಿ. ನನ್ನ ಪೂರಣ ತಗೋರಿ. ರಾತ್ರಿ ಊಟ ಬಿಟ್ಟು ಬರದೀನಿ.

*ಮುತ್ತಿ ಬಂದನು ರೊಮ್ಮೆಲನು ತಾ*
*ಸುತ್ತ ಮರಳಿನ ಕಡಲು ಬಿಸಿಲುರಿ*
*ಹತ್ತು ಮೇಲಾರಿರುಳು ಹಗಲುಗಳಳುಕದುಳಿದಿಹರು*
*ತುತ್ತಿಗೂ ನೀರಿಗುವೆ ಬರವಿರೆ*
*ಸತ್ತ ಮಾನವು ಚಿಗುರಿ ಫ್ರಾನ್ಸಿಗೆ*
*ಬತ್ತಿ ಹೋಗಿಹ ಬಾವಿ ತಣಿಸಿತು ನಾಡ ದಾಹವನು*

ಚಾವಡಿ ಮೇಷ್ಟ್ರು
ಭಲೆ! ಮೊದಲ ಪೂರಣವೇ ಗಟ್ಟಿಯಾಗಿದೆ. ದಾಹವನ್ನು ಮಾನದ ದಾಹ ಮಾಡಿದಿರಿ.

ಮಾತ್ರಾಗಣಪತಿ
ಮೊದಲ ಸಾಲಿನ “ತಾ” ತೇಪೆ. ಹೋಗಲಿ, ನಿಮ್ಮ ಕಡೆ ತೇಪೆಗೆ ಬರ ಇಲ್ಲ. ಐದನೇ ಸಾಲಿನಲ್ಲಿ “ಚಿಗುರಿ ಫ್ರಾನ್ಸಿಗೆ”. ಆ “ರಿ” ಏನಾಯಿತು?

ಧಾರವಾಡದ ಫೇಡೆ
ಏನೂ ಆಗಿಲ್ಲ. ಆರಾಮ ಅದ.

ಮಾತ್ರಾಗಣಪತಿ
ಮುಂದೆ ಒತ್ತಕ್ಷರ ಕೂತಿರುವಾಗ ಒಂದು ಮಾತ್ರೆಯ “ರಿ” ಎರಡು ಮಾತ್ರೆಯಾಗುತ್ತದೆ, ಅದು ಆರಾಮಾಗಿರುವುದು ಹೇಗೆ?

ಧಾರವಾಡದ ಫೇಡೆ
ಶಿಥಿಲ.

ಮಾತ್ರಾಗಣಪತಿ
ಶಿಥಿಲ ನಿಮ್ಮ ಕಿವಿ. ಹಗುರವಾಗಿ ಉಚ್ಚರಿಸಿ ಲೆಕ್ಕಕ್ಕೆ ಬಿಡುವ ಶಿಥಿಲದ್ವಿತ್ವದ ರೇಫ, ಅಂದರೆ ರಕಾರ, ಎಲ್ಲಿರುತ್ತದೆ, ನಿಮ್ಮ ರೇಫ ಎಲ್ಲಿದೆ, ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿ.

ಧಾರವಾಡದ ಫೇಡೆ
ಬ್ಯಾರೆ ಶಬ್ದರೀ ಅದು! “ಚಿಗುರಿ” ಅಂದು ಉಸಿರು ಬಿಟ್ಟು “ಫ್ರಾನ್ಸಿಗೆ” ಅನ್ನೂದು. ನಿಮ್ಮ ಹಳೇಮೈಸೂರು ಕಡೆ ಉಸಿರು ಬಿಡೂದ ಇಲ್ಲೇನು?

ಕಂದಪ್ರಿಯ
“ಪ್ರಹ್ರೇ ವಾ” ಅಂತ ಒಂದು ಸೂತ್ರವೇ ಇದೆ, ಪ್ರ, ಹ್ರ ಮುಂದಿದ್ದರೆ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು ಅಂತ. ಫೇಡೆಯವರು ಅದರ ನೆರಳಲ್ಲಿ ನಿಂತುಕೊಳ್ಳಬಹುದು.

ಮಾತ್ರಾಗಣಪತಿ
ಆ ಸೂತ್ರ “ಪ್ರ”ಕ್ಕೆ. ಇಲ್ಲಿರುವುದು “ಫ್ರ”. ಸೂತ್ರಕಾರ ಪಿಂಗಳಮುನಿಗೆ ಫ್ರಾನ್ಸ್ ಗೊತ್ತಿರಲಿಲ್ಲ.

ಸೇನ್ ತೀರದ ಕನ್ನಡಿಗ
ಪ್ಯಾರಿಸ್ಸಿನಿಂದ ಒಂದು ಸಾಕ್ಷಿ. ಇಲ್ಲಿಯವರ “ರ” ಗಂಟಲಿನಲ್ಲಿ ಹುಟ್ಟಿ ಅಲ್ಲೇ ಅರ್ಧ ಸಾಯುತ್ತದೆ. ಫ್ರಾನ್ಸಿನ ರೇಫ ಫ್ರಾನ್ಸಿನಲ್ಲೇ ಶಿಥಿಲ. ಅಂದ ಹಾಗೆ, ನಾನು ದಿನಾ ಆಫೀಸಿಗೆ ಹೋಗುವ ಮೆಟ್ರೋ 6ನೇ ಲೈನಿನಲ್ಲಿ ಬೀರ್ ಹಕೀಮ್ ಅಂತಲೇ ಒಂದು ನಿಲ್ದಾಣ ಇದೆ. ಐಫೆಲ್ ಗೋಪುರಕ್ಕೆ ಹೋಗುವವರು ಇಳಿಯುವುದು ಅಲ್ಲಿ. ಪಕ್ಕದ ಸೇತುವೆಗೂ ಅದೇ ಹೆಸರು. ಆರು ವರ್ಷದಿಂದ ಓಡಾಡುತ್ತಿದ್ದೇನೆ, ಅದು ಒಂದು ಬಾವಿ ಎಂದು ಇವತ್ತು ಗೊತ್ತಾಯಿತು.

ಧಾರವಾಡದ ಫೇಡೆ
ಕೇಳಿದ್ರ್ಯಾ ಗಣಪತಿಯವರ? ಊರಿನ ಮಂದೀನ ಸಾಕ್ಷಿ ಹೇಳಿದ್ರು.

ಮಾತ್ರಾಗಣಪತಿ
ಪದ್ಯ ಇರುವುದು ಕನ್ನಡದಲ್ಲಿ, ಸಾಕ್ಷಿ ಪ್ಯಾರಿಸ್ಸಿನಿಂದ. “ಸತ್ತ ಮಾನವು ಮತ್ತೆ ಚಿಗುರಲು” ಎಂದರೆ ಐದು ಸೆಕೆಂಡಿನ ಕೆಲಸ.

ಧಾರವಾಡದ ಫೇಡೆ
ಫ್ರಾನ್ಸ್ ಹೋತಲ್ರಿ ಪದ್ಯದಾಗಿಂದ! ಹಿಟ್ಲರ್ 1940ರಾಗ ತಗೊಂಡ, ನೀವು ಈಗ ತಗೊಳ್ಳಿಕ್ಕತ್ತೀರಿ.

ಮಂದಾನಿಲ
ಜಗಳದ ನಡುವೆ ನನ್ನದೊಂದು.

*ಇತ್ತ ಹಿಂದೂಸ್ತಾನಿ ಯೋಧರು*
*ಹೊತ್ತ ದಾಹದಿ ನಡೆದು ಬಂದಿರೆ*
*ಮುತ್ತಿನಂತಹ ನೀರ ಹನಿಯನು ಹಂಚಿ ಕುಡಿಸಿದರು*
*ಒತ್ತಿ ಬಂದಿಹ ವೈರಿಪಡೆಯಿರೆ*
*ಕತ್ತು ಕೊಯ್ಯುವ ಬರದ ನಡುವೆಯು*
*ಬತ್ತಿ ಹೋಗಿಹ ಬಾವಿ ತಣಿಸಿತು ನಾಡ ದಾಹವನು*

ಚಾವಡಿ ಮೇಷ್ಟ್ರು
ಚೆನ್ನಾಗಿದೆ ಅಕ್ಕ. “ಹೊತ್ತ” ಎರಡೂ ಕಡೆ ಉರಿಯುತ್ತದೆ.

ಸುಬೇದಾರ್
ಅಕ್ಕ, ಇದು ನಡೆದದ್ದೇ. ಮೇ 27ರ ಬೆಳಿಗ್ಗೆ ಬೀರ್ ಹಕೀಮ್‌ನ ಆಗ್ನೇಯಕ್ಕಿದ್ದ ನಮ್ಮ 3ನೇ ಇಂಡಿಯನ್ ಮೋಟಾರ್ ಬ್ರಿಗೇಡಿನ ಮೇಲೆ ಶತ್ರುವಿನ ಟ್ಯಾಂಕುಗಳು ಹರಿದುಹೋದವು. ಹೆಸರಿಗೆ ಅಶ್ವದಳದ ರೆಜಿಮೆಂಟುಗಳು, ಕೈಯಲ್ಲಿ ಟ್ಯಾಂಕೇ ಇರಲಿಲ್ಲ. ಸೆರೆ ಸಿಕ್ಕವರನ್ನು ಕುಡಿಸಿ ಸಾಕಲು ನೀರಿಲ್ಲದೆ ಮರಳುಗಾಡಲ್ಲೇ ಬಿಟ್ಟುಬಿಟ್ಟರು. ಅವರಲ್ಲಿ 600ಕ್ಕೂ ಹೆಚ್ಚು ಜನ ನಡೆದು ಬೀರ್ ಹಕೀಮ್ ಸೇರಿದರು. ಫ್ರೆಂಚರಿಗೇ ನೀರು ಅಳತೆಯಲ್ಲಿತ್ತು, ಅದರಲ್ಲೇ ಕೊಟ್ಟರು.

ಮಾತ್ರಾಗಣಪತಿ
ಗಣ ಸರಿ ಇದೆ. ಫೇಡೆಯವರೇ, “ರಿ” ವಿಷಯ ಇನ್ನೂ ಮುಗಿದಿಲ್ಲ.

ಕಡಲತಡಿ
ಮುಗಿಯುವುದೂ ಇಲ್ಲ. ಅಲ್ಲಿವರೆಗೆ ನಂದು ಕೇಳಿ. ಮೇಷ್ಟ್ರು ಬೀರ್ ಅಂದ ಕೂಡಲೇ ನಾನು ಹೊರಟಾಗಿತ್ತು.

*ಮತ್ತನಾಗಲು ಬೀರು ಹುಡುಕುತ*
*ಹತ್ತಿ ಜೀಪನು ಹೋದೆ ಮರಳಿಗೆ*
*ಹೊತ್ತು ಮುಳುಗಲು ಬೀರು ಎನ್ನುವ ಬಾವಿ ಕಂಡಿತಲೆ*
*ಕತ್ತ ಚಾಚಿದೆ ಹನಿಯು ಕಾಣದು*
*ಬಿತ್ತು ಗುಂಡಿನ ಮಳೆಯು ತಲೆಯಲಿ*
*ಬತ್ತಿ ಹೋಗಿಹ ಬಾವಿ ತಣಿಸಿತು ನಾಡ ದಾಹವನು*

ಧಾರವಾಡದ ಫೇಡೆ
ಗುಂಡು ಹಾಕಿದವರಿಗೆ ಗುಂಡಿನ ಮಳಿ! ಮಸ್ತ್.

ಕಂದಪ್ರಿಯ
“ಬೀರು ಎನ್ನುವ”. ಸಂಧಿ ಮಾಡದೆ ಬಿಟ್ಟದ್ದು, ವಿಸಂಧಿ.

ಕಡಲತಡಿ
ಕುಡಿದವನ ಬಾಯಲ್ಲಿ ಸಂಧಿ ಎಂತದು ಸ್ವಾಮಿ?

ಚಾವಡಿ ಮೇಷ್ಟ್ರು
ನಗೆ ಸಾಕು. ಹಳಗನ್ನಡದಲ್ಲಿ ಬೀರ ಎಂದರೆ ವೀರ. ಅರಬ್ಬಿಯ ಬೀರ್ ಬಾವಿ. ನಾನು ಸಮಸ್ಯೆ ಕೊಟ್ಟದ್ದೇ ಆ ಶ್ಲೇಷೆ ಯಾರಾದರೂ ಹಿಡಿಯುತ್ತಾರೆಂದು. ಸಿಕ್ಕಿದ್ದು ಹೆಂಡದಂಗಡಿ. ಅದೂ ಹೋಗಲಿ, ಬೀರ್ ಹಕೀಮ್ ಎಂಬ ಹೆಸರನ್ನೇ ಒಬ್ಬರೂ ಪದ್ಯದೊಳಗೆ ತರಲಿಲ್ಲ.

ಕಂದಪ್ರಿಯ
ತರುವುದು ಹೇಗೆ? “ಹಕೀ” ಲಗಾದಿ, ಮೊದಲಲ್ಲೇ ಲಘುವಿನ ಮೇಲೆ ಗುರು. ಭಾಮಿನಿ ಬಾಗಿಲಲ್ಲೇ ಕತ್ತು ಹಿಡಿದು ನೂಕುತ್ತಾಳೆ.

ಧಾರವಾಡದ ಫೇಡೆ
ನೂಕೂದಿಲ್ಲ. ನನ್ನ ಎರಡನೇ ಸಾಲು ತಿದ್ದೀನಿ: *ಸುತ್ತ ಮರಳಿನ ಬೀರ್ಹಕೀಮದಿ*. ಎಣಸ್ಕೋರಿ.

ಮಾತ್ರಾಗಣಪತಿ
ಎಣಿಸಿದೆ. ಹೆಸರನ್ನು ಸೀಳಿ ಅರ್ಧ ಒಂದು ಗಣಕ್ಕೆ, ಅರ್ಧ ಇನ್ನೊಂದಕ್ಕೆ ಕೊಟ್ಟಿದ್ದೀರಿ. ಲೆಕ್ಕ ಕೂಡುತ್ತದೆ. ಹಕೀಮ ಬದುಕುವುದಿಲ್ಲ.

ಧಾರವಾಡದ ಫೇಡೆ
ಲೆಕ್ಕ ಕೂಡತದ ಅಂದ್ರಲ್ಲ, ಸಾಕು. ನಿಮ್ಮ ಬಾಯಾಗ ಇಷ್ಟು ಬಂದದ್ದು ಹತ್ತು ವರ್ಷದಾಗ ಇದ ಮೊದಲು. ಈಗ ನಿಮ್ಮ ಪೂರಣ ಹಾಕ್ರಿ. ಬರೇ ಕೂತು ತಕ್ಕಡಿ ಹಿಡಿಯೂದು ಯಾರಿಗೂ ಬರತದ.

ಮಾತ್ರಾಗಣಪತಿ
ಹಾಕುತ್ತೇನೆ. ನೀವೆಲ್ಲ “ನಾಡ ದಾಹ” ಎಂದು ಕೊಂಡಾಡಿದಿರಿ. ಯಾವ ನಾಡು, ಯಾರ ದಾಹ? ಆ ಬಾವಿಯ ಸುತ್ತ ನಿಂತವರಲ್ಲಿ ಫ್ರೆಂಚ್ ವಸಾಹತು ಉಬಾಂಗಿ-ಶಾರಿಯಿಂದ ಬಂದ ಆಫ್ರಿಕನ್ನರ ಬೆಟಾಲಿಯನ್ ಇತ್ತು, ತಾಹಿತಿ, ನ್ಯೂ ಕ್ಯಾಲೆಡೋನಿಯಾ ದ್ವೀಪಗಳವರ ಪೆಸಿಫಿಕ್ ಬೆಟಾಲಿಯನ್ ಇತ್ತು, ಫ್ರೆಂಚ್ ಸೇನೆಯ ವಿದೇಶಿ ಲೀಜನ್ನಿನ ಹತ್ತಾರು ದೇಶಗಳ ಸಿಪಾಯಿಗಳಿದ್ದರು.

*ಎತ್ತಲಾಫ್ರಿಕ ಎತ್ತ ಪ್ಯಾರಿಸು*
*ಹೊತ್ತರೈ ಬಂದೂಕ ಬಿಳಿಯರ*
*ಕುತ್ತು ಕಳೆಯಲು ಗೆದ್ದ ಮೇಲವರಂಗಿ ಕಳಚಿದರು*
*ಮತ್ತೆ ಕೇಳುವರುಂಟೆ ಋಣವನು*
*ಸತ್ತವರ ನೆತ್ತರಲಿ ತುಂಬಿದ*
*ಬತ್ತಿ ಹೋಗಿಹ ಬಾವಿ ತಣಿಸಿತು ನಾಡ ದಾಹವನು*

ಚಾವಡಿ ಮೇಷ್ಟ್ರು
ಗಣಪತಿಗಳೇ, ನಿಮ್ಮ ತಕ್ಕಡಿಗೆ ಕ್ಷಮೆ ಇದೆ.

ಸುಬೇದಾರ್
ಒಂದೇ ತಿದ್ದುಪಡಿ. “ಗೆದ್ದ ಮೇಲೆ” ಅಲ್ಲ. ಗೆಲ್ಲುತ್ತಿರುವಾಗಲೇ. 1944ರ ಚಳಿ ಶುರುವಾಗುವ ಹೊತ್ತಿಗೆ ಡಿವಿಷನ್ ವೋಜ್ ಕಡೆ ಹೋಗುತ್ತಿತ್ತು. ಆಫ್ರಿಕಾದ ಸಾವಿರಾರು ಸಿಪಾಯಿಗಳನ್ನು ಹಿಂದಕ್ಕೆ ಕಳಿಸಿ, ಅವರ ಜಾಗಕ್ಕೆ ಫ್ರಾನ್ಸಿನೊಳಗೆ ಗುಪ್ತವಾಗಿ ಹೋರಾಡಿದ ಹುಡುಗರನ್ನು ಸೇರಿಸಿದರು. ಚಳಿ ತಡೆಯಲಾರರು ಎಂದು ಕಾರಣ ಕೊಟ್ಟರು. ಹೊಸಬರಿಗೆ ಬಟ್ಟೆ ಸಾಲದೆ ಹಳಬರ ಕೋಟುಗಳನ್ನೇ ಬಿಚ್ಚಿಸಿ ಕೊಟ್ಟದ್ದೂ ಉಂಟು. ಇದಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ, ಅರ್ಥ “ಬಿಳಿ ಮಾಡುವುದು”.

ಮಂದಾನಿಲ
“ಅಂಗಿ ಕಳಚಿದರು” ಅಲಂಕಾರ ಅಂದುಕೊಂಡಿದ್ದೆ.

ಧಾರವಾಡದ ಫೇಡೆ
ಪದ್ಯ ಛಲೋ ಅದ, ಒಪ್ಪಿದೆ. ಈಗ ಮೊದಲನೇ ಸಾಲಿಗೆ ಬರೂಣು. “ಎತ್ತ ಪ್ಯಾರಿಸು”. ಆ “ತ್ತ” ಏನಾತ್ರಿ?

ಕಡಲತಡಿ
ಅಯ್ಯಯ್ಯೋ.

ಧಾರವಾಡದ ಫೇಡೆ
ಕನ್ನಡಕ ಹಾಕ್ಕೊಂಡೇ ಕೇಳ್ಲಿಕ್ಕತ್ತೀನಿ. ಮುಂದ “ಪ್ಯಾ” ಕೂತದಲ್ಲ, ನಿಮ್ಮ “ತ್ತ” ಆರಾಮ ಅದನೋ?

ಕಂದಪ್ರಿಯ
“ಲಾಫ್ರಿಕ ಎತ್ತ” ವಿಸಂಧಿ ಬೇರೆ. ಅವರು ಕುಡಿದೂ ಇಲ್ಲ.

ಮಾತ್ರಾಗಣಪತಿ
“ಪ್ಯಾ” ನಿಜವಾದ ಒತ್ತಕ್ಷರ ಅಲ್ಲ. ಅದು ಇಂಗ್ಲಿಷಿನ ಒಂದು ಸ್ವರವನ್ನು ಬರೆಯಲು ನಾವು ಮಾಡಿಕೊಂಡ ಲಿಪಿಯ ಉಪಾಯ. ಬ್ಯಾಂಕು, ಟ್ಯಾಂಕು ಎನ್ನುವಾಗ ಯಕಾರ ಯಾರಿಗೆ ಕೇಳಿಸುತ್ತದೆ?

ಧಾರವಾಡದ ಫೇಡೆ
ನಮ್ಮ ಕಡೆ ಎಲ್ಲಾರಿಗೂ ಕೇಳಸ್ತದ.

ಸೇನ್ ತೀರದ ಕನ್ನಡಿಗ
ಇಲ್ಲಿಯವರು ಪ್ಯಾರಿಸ್ ಅನ್ನುವುದೇ ಇಲ್ಲ, “ಪಾರಿ” ಅನ್ನುತ್ತಾರೆ. “ಎತ್ತ ಪಾರಿಯು” ಎಂದಿದ್ದರೆ ಇಬ್ಬರೂ ಊಟ ಮಾಡಿ ಮಲಗಬಹುದಿತ್ತು.

ಮಾತ್ರಾಗಣಪತಿ
ಸಾಕ್ಷಿ ಕೇಳಿದ್ದು ಯಾರು?

ಸುಬೇದಾರ್
ನಾನು ಈ ಚಾವಡಿಯಲ್ಲಿ ಇಷ್ಟು ದಿನ ಬರೀ ಓದಿದವನು. ನಾಲ್ಕು ರಾತ್ರಿ ಬೆರಳು ಮಡಚಿ ಎಣಿಸಿ ಒಂದು ಬರೆದಿದ್ದೇನೆ. ವಿಷಯ ಜನರಲ್ ಬ್ರೊಸ್ಸೆ. ಡಿವಿಷನ್ನಿನ ದಳಪತಿ, ಇಟಲಿಯಿಂದ ವೋಜ್‌ವರೆಗೆ ನಡೆಸಿದವರು. ಜೀಪನ್ನು ತಾವೇ ಓಡಿಸುವ ಹುಚ್ಚು. 1944ರ ನವೆಂಬರ್ 20ರಂದು ಶಾಂಪಾಞೆ ಎಂಬ ಊರಿನ ಬಳಿ ಜೀಪು ಸೇತುವೆಯಿಂದ ರಾಹೆ ಹೊಳೆಗೆ ಬಿತ್ತು.

*ಹತ್ತಿ ಜೀಪನು ತಾನೆ ನಡೆಸುತ*
*ಸುತ್ತ ಚಳಿ ಬಿಗಿದಿರಲು ದಳಪತಿ*
*ಮತ್ತೆ ಬರಲಿಲ್ಲೆದ್ದು ನದಿಯೊಳು ಮುಳುಗಿ ಹೋದವನು*
*ತುತ್ತುಗೊಂಡಿತು ತುಂಬಿದಾ ಹೊಳೆ*
*ಕೆತ್ತಿ ಬರೆಯಿರಿ ಕಲ್ಲ ಮೇಗಡೆ*
*ಬತ್ತಿ ಹೋಗಿಹ ಬಾವಿ ತಣಿಸಿತು ನಾಡ ದಾಹವನು*

ಚಾವಡಿ ಮೇಷ್ಟ್ರು
ಸುಬೇದಾರ್ರೇ, ಕೈ ಕೊಡಿ.

ಮಂದಾನಿಲ
ತುಂಬಿದ ಹೊಳೆ, ಬತ್ತಿದ ಬಾವಿ. ಹೌದು.

ಮಾತ್ರಾಗಣಪತಿ
ಗಣ ಸರಿ ಇದೆ. “ತುಂಬಿದಾ” ಎಂದು ಎಳೆದದ್ದು ಮೊದಲ ಸಲಕ್ಕೆ ಮಾಫಿ.

ಕಡಲತಡಿ
ಪದ್ಯ ಭಾರೀ ಉಂಟು. ಆದರೆ “ಹತ್ತಿ ಜೀಪನು” ನಂದು! ಮೇಲೆ ನೋಡಿ, ಎರಡನೇ ಸಾಲು. ಜನರಲ್ ಹತ್ತುವ ಮೊದಲೇ ಆ ಜೀಪು ನಾನು ಹತ್ತಿಯಾಗಿದೆ.

ಸುಬೇದಾರ್
ನೀವು ಕುಡಿದು ಹತ್ತಿದ್ದಿರಿ. ಜಪ್ತಿ ಮಾಡಿದ್ದೇನೆ.

ಕಂದಪ್ರಿಯ
ನನ್ನ ಕಂದ ನಾಳೆ ಬರುತ್ತದೆ.

ಚಾವಡಿ ಮೇಷ್ಟ್ರು
ತೊಟ್ಟಿಲು ತೂಗುತ್ತಿರಿ.

ಧಾರವಾಡದ ಫೇಡೆ
ಎಲ್ಲಾರೂ ಕೇಳ್ರಿ. ನಮ್ಮ ಓಣ್ಯಾಗ ಗಮಕ ಹಾಡೋರು ಒಬ್ರು ಇದ್ದಾರ, ಅವರ ಕಡಿಂದ ನನ್ನ ಪದ್ಯ ಹಾಡಿಸಿ ಆಡಿಯೋ ಹಾಕೀನಿ. “ಚಿಗುರಿ ಫ್ರಾನ್ಸಿಗೆ” ನೀರಿನ ಹಂಗ ಹರದು ಹೋಗೇದ. ಇದರ ಮ್ಯಾಲೂ ಯಾರರೆ ಮಾತಾಡಿದ್ರ ಅವರಿಗೆ ಕಿವಿ ಇಲ್ಲ ಅಂತ ಅರ್ಥ.

ಮಾತ್ರಾಗಣಪತಿ
ಮೂರು ಸಲ ಕೇಳಿದೆ. “ರಿ” ಎಳೆದಿದ್ದಾರೆ. 31ನೇ ಸೆಕೆಂಡು.