ಗುಡ್ಡಕ್ಕೆ ಬಣ್ಣ, ಗುಂಪಿನಲ್ಲಿ ಜಗಳ

ನಮ್ಮ ತರವಾಡಿನ, ಅಂದರೆ ಕುಟುಂಬದವರ, ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ರಾತ್ರಿ ನಡೆದದ್ದು. ಮಧ್ಯೆ ಬಂದ ಕೈಮುಗಿಯುವ ಇಮೋಜಿಗಳನ್ನು ಮಾತ್ರ ತೆಗೆದಿದ್ದೇನೆ.

ಪೆರ್ಲ ಅತ್ತೆ (ಫಾರ್ವರ್ಡ್): ಮೆಕ್ಸಿಕೋದಲ್ಲಿ ಗುಡ್ಡದ 209 ಮನೆಗಳಿಗೆ ಬಣ್ಣ!! ಹೊಡೆದಾಟ ಪೂರ್ತಿ ಬಂದ್!! ಹಳದಿ ಸಂತೋಷ, ನೀಲಿ ಶಾಂತಿ. ಎಲ್ಲರಿಗೂ ಕಳಿಸಿ.

ಪೆರ್ಲ ಅತ್ತೆ: ಪಾಗಾರಕ್ಕೆ ಹಳದಿ ಹೊಡೆಸಿ ಅಂತ ನಾನು ಆವತ್ತೇ ಹೇಳಿದ್ದೆ.

ಬೆಂಗಳೂರು ಅಣ್ಣ: ಆಧಾರ ಎಲ್ಲಿ ಅತ್ತೆ? ಮೆಕ್ಸಿಕೋದ ಆ ಪಚೂಕಾ ಊರು ನಿಜ, 2015ರಲ್ಲಿ ಬಣ್ಣ ಬಳಿದದ್ದೂ ನಿಜ. ಹೊಡೆದಾಟ ಪೂರ್ತಿ ಬಂದ್ ಅಂತ ಯಾರು ಹೇಳಿದ್ದು? 1979ರಲ್ಲಿ ಸಿಯಾಟಲ್‌ನ ನೌಕಾಪಡೆ ಜೈಲಿನ ಕೋಣೆಗೆ ಗುಲಾಬಿ ಬಣ್ಣ ಹೊಡೆದು, ಕೈದಿಗಳು ತಣ್ಣಗಾದರು ಅಂದರು. ಆಮೇಲೆ ಬೇರೆಯವರು ಪರೀಕ್ಷೆ ಮಾಡಿದಾಗ ಹಾಗೇನೂ ಕಾಣಲಿಲ್ಲ.

ಪೆರ್ಲ ಅತ್ತೆ: ನಾನು ಗುಲಾಬಿ ಅನ್ನಲೇ ಇಲ್ಲ.

ಕುಂಬಳೆ ಮಾವ: ಮೆಕ್ಸಿಕೋ ತನಕ ಯಾಕೆ ಹೋಗಬೇಕು? ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲೇ ಉಂಟು. ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಕರುಣಕ್ಕೆ ಪಾರಿವಾಳದ ಬೂದು. ಈಗಿನ ಮಕ್ಕಳಿಗೆ ಹಿರಿಯರ ಮಾತು ಬೇಡ, ಲಿಂಕ್ ಬೇಕು.

(ಅಧ್ಯಾಯದ ಸಮೇತ ಆಧಾರ ಕೊಟ್ಟವರು ಇವರೊಬ್ಬರೇ. ಅಣ್ಣ ಸುಮ್ಮನಾದ.)

ಮುಳ್ಳೇರಿಯ ಭಾವ: ಕೆಂಪು ಅಂದ ಕೂಡಲೇ ಯಕ್ಷಗಾನದವರು ವೇಷ ಕಟ್ಟುವ ಚೌಕಿ ನೆನಪಾಯಿತು ಮಾವ. ರಾಕ್ಷಸರ ಬಣ್ಣದ ವೇಷಕ್ಕೆ ಚುಟ್ಟಿ ಇಡುವುದನ್ನು ನೋಡಲು ಆಟ ಶುರುವಾಗುವ ಮೊದಲೇ ಓಡುತ್ತಿದ್ದೆವು. ಅಕ್ಕಿಹಿಟ್ಟು, ಸುಣ್ಣ ಕಲಸಿ ಕೆನ್ನೆಯ ಮೇಲೆ ಮುಳ್ಳು ಮುಳ್ಳಾಗಿ ಒಂದೊಂದೇ ಇಡುವುದು. ಒಂದು ಒಣಗುವ ತನಕ ಮಿಸುಕುವ ಹಾಗಿಲ್ಲ. ಆ ಮುಖ ಎದ್ದು ನಿಂತರೆ ನಾವು ಅಜ್ಜಿಯ ಸೆರಗಿನ ಹಿಂದೆ!

ಬೆಂಗಳೂರು ಅಣ್ಣ: ವಿಷಯಕ್ಕೆ ಬನ್ನಿ. ಪಚೂಕಾದಲ್ಲಿ ಕಲಾವಿದರ ತಂಡದ ಜೊತೆ ಊರಿನವರೂ ಸೇರಿದ್ದರು. ಅಕ್ಕಪಕ್ಕದವರು ಮಾತಾಡತೊಡಗಿದ್ದಕ್ಕೇ ಗಲಾಟೆ ಕಡಿಮೆ ಆಗಿರಬಹುದು, ಹಳದಿಯಿಂದಲ್ಲ.

(ಇಡೀ ರಾತ್ರಿಯಲ್ಲಿ ಯೋಚಿಸುವಂಥ ಮಾತು ಇದೊಂದೇ. ಯಾರೂ ಓದಲಿಲ್ಲ.)

ಪೆರ್ಲ ಅತ್ತೆ: ಮದುವೆಗೆ ಪೇಂಟ್ ಹೊಡೆಸಿದಾಗ ಪಾಲು ಕೊಡದವರು ಬಣ್ಣದ ಬಗ್ಗೆ ಜಾಸ್ತಿ ಮಾತಾಡುತ್ತಾರೆ.

ಬೆಂಗಳೂರು ಅಣ್ಣ: ಯಾರಿಗೆ ಹೇಳಿದ್ದು?

ಪೆರ್ಲ ಅತ್ತೆ: ತಾಗಿದವರಿಗೆ.

ಮುಳ್ಳೇರಿಯ ಭಾವ: ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ. ಫೋಟೋ ಹಾಕಲಾ? ಅತ್ತೆಯ ಪಾಲೂ ಅರ್ಧ ಬಾಕಿ.

ಪೆರ್ಲ ಅತ್ತೆ ಗುಂಪಿನಿಂದ ಹೊರಹೋಗಿದ್ದಾರೆ.

ಕುಂಬಳೆ ಮಾವ: ಬೇಗ ವಾಪಸ್ ಸೇರಿಸು ಮಾರಾಯ. ನಾಡಿದ್ದು ಪೂಜೆಯ ಊಟ ಅವರ ಮನೆಯಲ್ಲೇ ಅಲ್ವಾ?