ಪದಚರ್ಚೆ: ಪ್ಲೀಸಿಯೋಸಾರ್ – ಕನ್ನಡ ಹೆಸರು ಬೇಕು (ತುರ್ತು)

ಪ್ಲೀಸಿಯೋಸಾರ್ ಎಂಬ ಅಳಿದುಹೋದ ಕಡಲ ಸರೀಸೃಪದ ಬಗ್ಗೆ ಮಕ್ಕಳ ವಿಜ್ಞಾನ ಪ್ರದರ್ಶನದ ಫಲಕ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ತಲೆಬರಹಕ್ಕೆ ಹೆಚ್ಚೆಂದರೆ ಎರಡು ಪದ. ‘ನೀಳ್ಗೊರಳುರಗ’ ಆದೀತೇ? ಫ್ಲಿಪ್ಪರ್‌ಗೂ (ಈಜಲು ಬಳಸುವ ಚಪ್ಪಟೆ ಕಾಲು) ಒಂದು ಪದ ಹೇಳಿ. ಕರಡಿನಲ್ಲಿ ‘ರೆಕ್ಕೆ’ ಅಂತಿದೆ, ಸರಿಕಾಣುತ್ತಿಲ್ಲ.

---

> ನೀಳ್ಗೊರಳುರಗ

ಅರಿಸಮಾಸ. ಅದೂ ಹೋಗಲಿ, ಉರಗವೆಂದರೆ ಎದೆಯಿಂದ ಹರಿಯುವುದು, ಹಾವು. ಇದು ಈಜುವ ಪ್ರಾಣಿ. ‘ನೀಳ್ಗೊರಳ ಕಡಲಹಲ್ಲಿ’ ಎನ್ನಿ, ಅಚ್ಚಗನ್ನಡ.

---

ಕೊರಳಿಗೂ ಈ ಹೆಸರಿಗೂ ಸಂಬಂಧವೇ ಇಲ್ಲ. ಗ್ರೀಕಿನಲ್ಲಿ ಪ್ಲೀಸಿಯೋಸ್ ಎಂದರೆ ಹತ್ತಿರದ, ಸಾರೋಸ್ ಎಂದರೆ ಹಲ್ಲಿ. 1821ರಲ್ಲಿ ಭೂವಿಜ್ಞಾನಿಗಳಾದ ಡಿ ಲಾ ಬೆಚ್ ಮತ್ತು ಕಾನಿಬೇರ್ ಹೆಸರಿಟ್ಟಾಗ ಕೈಯಲ್ಲಿದ್ದದ್ದು ಬಿಡಿ ಎಲುಬುಗಳು. ಮೀನಿನಾಕಾರದ ಕಡಲಪ್ರಾಣಿ ಇಕ್ತಿಯೋಸಾರ್‌ಗಿಂತ ಇದು ಸರೀಸೃಪಗಳಿಗೆ ಹತ್ತಿರ ಎಂಬುದಷ್ಟೇ ಅವರ ಆಶಯ. ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆ್ಯನಿಂಗ್‌ಗೆ ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರ ಸಿಕ್ಕಿದ್ದು 1823ರ ಕೊನೆಗೆ. ಕತ್ತಿನ ಉದ್ದ ಕಂಡದ್ದು ಆಗ. ‘ಉದ್ದಕೊರಳಿನ’ ಎಂಬರ್ಥದ ‘ಡೋಲಿಕೋಡೈರಸ್’ ಎಂಬ ಪ್ರಭೇದನಾಮ ಸೇರಿದ್ದು 1824ರಲ್ಲಿ. ಮೂಲಾರ್ಥಕ್ಕೆ ನಿಷ್ಠವಾಗಿರಬೇಕಾದರೆ ‘ಉಪಸರಟ’ (ಉಪ ಎಂದರೆ ಹತ್ತಿರ, ಸರಟ ಎಂದರೆ ಹಲ್ಲಿ).

---

> ಉಪಸರಟ

ಉಪತಹಶೀಲ್ದಾರರ ಕೈಕೆಳಗಿನ ಹುದ್ದೆಯೇ? ಬೇಡ.

‘ನೀಳ್ಗೊರಳ’ ಕೂಡ ಇಡೀ ಗುಂಪಿಗೆ ಒಗ್ಗದು. ಪ್ಲಿಯೋಸಾರ್‌ಗಳೂ ಇದೇ ಗುಂಪು, ಅವಕ್ಕೆ ಗಿಡ್ಡ ಕತ್ತು, ದೊಡ್ಡ ತಲೆ. ಮೇಲೆ ‘ಪ್ಲೀಸಿಯೋಸಾರ್’, ಕೆಳಗೆ ಚಿಕ್ಕ ಅಕ್ಷರದಲ್ಲಿ, ಚಿತ್ರದ ಪ್ರಾಣಿಗಷ್ಟೇ ಒಪ್ಪುವ ವಿವರಣೆಯಾಗಿ, ‘ಉದ್ದಕತ್ತಿನ ಕಡಲ ಸರೀಸೃಪ’ ಎಂದು ಹಾಕಿ. ಡೈನೋಸಾರ್ ಎಂದು ಎಲ್ಲೂ ಬರೆಯಬೇಡಿ, ಇದು ಬೇರೆ ಕವಲು. ಜಾಗ ಉಳಿದರೆ ಕತ್ತಿನ ಲೆಕ್ಕ ಕೊಡಿ: ಇದೇ ಗುಂಪಿನ ಎಲಾಸ್ಮೋಸಾರಸ್‌ಗೆ 72 ಕತ್ತೆಲುಬು, ಜಿರಾಫೆಗೆ 7.

ಫ್ಲಿಪ್ಪರ್‌ಗೆ ‘ಹುಟ್ಟುಗಾಲು’. ಒಳಗೆ ಬೆರಳೆಲುಬುಗಳು ಸಾಲಾಗಿವೆ, ಅದು ಕಾಲೇ. ರೆಕ್ಕೆಯೆಂದರೆ ಮಕ್ಕಳು ಮೀನೆಂದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರ. ಯೂನಿಕೋಡಿನಿಂದ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ‘ಸಾರ್‌ಗೆ’ ನಡುವಿನ ಕಾಣದ ಬಿಡಿಕೆ ಬಿದ್ದುಹೋಗಿ ‘ಸಾರ್ಗೆ’ ಆಗುತ್ತದೆ. ತಪ್ಪಿಸಲು ‘ಪ್ಲೀಸಿಯೋಸಾರಿಗೆ’ ಎಂದರೆ ಬಸ್ ನಿಲ್ದಾಣದ ಬೋರ್ಡು. ಬಹುವಚನ ಹಿಡಿಯಿರಿ: ‘ಪ್ಲೀಸಿಯೋಸಾರಸ್‌ಗಳಿಗೆ’ ಅಲ್ಲ, ಅಲ್ಲೂ ಅದೇ ಗೋಳು, ‘ಈ ಪ್ರಾಣಿಗಳಿಗೆ’ ಸಾಕು.

---

> ಹುಟ್ಟುಗಾಲು

ಹುಟ್ಟಿನಿಂದ ಬಂದ ಕಾಲು ಎಂದಾಗದೇ?

ಮೇಲಾಗಿ ಹೀಗೆ ಎಲ್ಲವನ್ನೂ ಇದ್ದಹಾಗೇ ಎತ್ತಿಕೊಳ್ಳುತ್ತ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿಪ್ರತ್ಯಯ ಮಾತ್ರ. ಈಗ ಅದನ್ನೂ ಹಾಕಬೇಡಿ ಅನ್ನುತ್ತಿದ್ದೀರಿ.

---

ದೋಣಿಯ ಹುಟ್ಟು ಕಂಡ ಮಕ್ಕಳಿಗೆ ಆ ಗೊಂದಲ ಬಾರದು. ಇನ್ನು ಎರವಲಿನ ಮಾತು: ಪ್ಲೀಸಿಯೋಸಾರ್ ಇಂಗ್ಲಿಷಿಗೂ ಎರವಲೇ. ‘ಕುರ್ಚಿ’ ಅರಬಿಯಿಂದ ಬಂದದ್ದು, ಕೂರಲು ನಿಮಗೇನೂ ತೊಂದರೆಯಾಗಿಲ್ಲವಲ್ಲ.

---

ಕುರ್ಚಿಗೆ ಐನೂರು ವರ್ಷದ ಬಳಕೆಯ ಬಲವಿದೆ ಎನ್ನುವವರು ‘ಸರಟ’ಕ್ಕೆ ಸಾವಿರಾರು ವರ್ಷವಿದೆ ಎಂಬುದನ್ನು ಮರೆಯುತ್ತಾರೆ.

---

ಐನೂರೆಂದವರು ಯಾರು?

---

‘ಪ್ಲೀಸಿಯೋಸಾರ್’, ಕೆಳಗೆ ‘ಉದ್ದಕತ್ತಿನ ಕಡಲ ಸರೀಸೃಪ’, ಚಿತ್ರದಲ್ಲಿ ‘ಹುಟ್ಟುಗಾಲು’. ಇಷ್ಟನ್ನು ಕಳಿಸುತ್ತೇನೆ. ಚಿತ್ರದಲ್ಲಿ ಕತ್ತು ಹಂಸದಂತೆ ಮೇಲೆದ್ದಿದೆ. ‘ಹೆಡೆಯೆತ್ತಿದಂತೆ’ ಎಂದು ವಿವರಿಸಬಹುದೇ?

---

ವಿವರಣೆಯಲ್ಲ, ಚಿತ್ರವನ್ನೇ ಬದಲಿಸಿ. ಕತ್ತೆಲುಬುಗಳು ಒತ್ತೊತ್ತಾಗಿ ಕೂತಿದ್ದರಿಂದ ಅಷ್ಟು ಬಾಗುತ್ತಿರಲಿಲ್ಲ. ಬೆನ್ನಿನ ಮಟ್ಟಕ್ಕೆ ಇಳಿಸಿ ಮುಂದಕ್ಕೆ ಚಾಚಿಸಿ. ತಲೆ ಯಾವ ತುದಿಗಿದೆ ಎಂದೂ ನೋಡಿಕೊಳ್ಳಿ. ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಕೋಪ್ ಎಲಾಸ್ಮೋಸಾರಸ್‌ನ ತಲೆಯನ್ನು ಬಾಲದ ತುದಿಗೆ ಕೂರಿಸಿದ್ದ.