ಅಕ್ಕತಂಗಿಯರ ಹಾಡು, ಅಕ್ಕತಂಗಿಯರ ಪಾಡು

"ಒಂದೇ ಮನೆಯ ಮೂರು ಹೆಣ್ಣುಮಕ್ಕಳು ಒಂದೇ ಮೈಕಿನ ಮುಂದೆ ವರ್ಷಗಟ್ಟಲೆ ಜಗಳವಿಲ್ಲದೆ ನಿಂತರಂತಾ? ಸುಮ್ನೆ ಇರೋ!" ಅಂದ ಮೂರ್ತಿ. ಅವನಿಗೆ ಮೂವರು ಅಕ್ಕಂದಿರು. ಅನುಭವದ ಮಾತು.

ನಾನು ಹೇಳುತ್ತಿದ್ದದ್ದು ಅಮೆರಿಕದ ಗಾಯಕಿಯರ ತಂಡ ಆಂಡ್ರ್ಯೂಸ್ ಸಿಸ್ಟರ್ಸ್ ಕಥೆ. ಲಾವರ್ನ್, ಮ್ಯಾಕ್ಸಿನ್, ಪ್ಯಾಟಿ. ಊರು ಮಿನಿಯಾಪೊಲಿಸ್. ನಡುವೆ ನಿಂತು ಮುಖ್ಯ ದನಿಯಲ್ಲಿ ಹಾಡುತ್ತಿದ್ದವಳು ಕಿರಿಯವಳು ಪ್ಯಾಟಿ. ಮೇಲಿನ ದನಿ ಮ್ಯಾಕ್ಸಿನ್‌ಳದು, ಕೆಳಗಿನದು ಲಾವರ್ನ್‌ಳದು. ಸ್ವರಲಿಪಿ ಓದಲು ಬರುತ್ತಿದ್ದದ್ದು ಹಿರಿಯವಳಿಗೆ ಮಾತ್ರ.

"ಓದೋಳು ಹಿರಿಯಳು, ಮೆರೆಯೋಳು ಕಿರಿಯಳು. ಎಲ್ಲಾ ಕಡೆ ಇದೇ ಕಥೆ" ಅಂದಳು ವೇಣಿ. ಅವಳು ಹಿರಿಮಗಳು.

"ಕಲಿಸಿದ್ದು ಯಾರು?"

"ರೇಡಿಯೋ. ನ್ಯೂ ಆರ್ಲಿಯನ್ಸ್‌ನಲ್ಲಿ ಬಾಸ್ವೆಲ್ ಸಿಸ್ಟರ್ಸ್ ಅಂತ ಇನ್ನೊಂದು ಮನೆಯ ಮೂವರಿದ್ದರು. ಅವರ ಹಾಡು ಕೇಳಿ ಕೇಳಿ ಇವರು ಹಾಗೇ ಹಾಡಿದರು. ಉತ್ತರದ ಚಳಿಯೂರಿನ ಹುಡುಗಿಯರು, ದಕ್ಷಿಣದವರ ಹಾಗೆ ಎಳೆದು ಎಳೆದು! ಬಾಸ್ವೆಲ್‌ನವರಂತೂ, ಆ ಹೆಸರಿನ ಸಂಗೀತ ಬರೋಕೆ ಮುಂಚೆ, 1934ರಲ್ಲೇ 'ರಾಕ್ ಅಂಡ್ ರೋಲ್' ಅನ್ನೋ ಹಾಡು ಹಾಡಿದ್ದರು. ಮದುವೆ ಆಯ್ತು, 1936ಕ್ಕೆ ತಂಡ ಮುಗೀತು."

"ಬಾಗಿಲು ಒಬ್ಬರು ಮುಚ್ಚಿದರು, ಇನ್ನೊಬ್ಬರು ತೆರೆದರು" ಅಂದ ಮೂರ್ತಿ.

ತೆರೆದದ್ದು 1937ರಲ್ಲಿ, 'ಬೈ ಮಿರ್ ಬಿಸ್ಟ್ ದು ಶೇನ್' ಹಾಡಿನಿಂದ. ಅದು ಮೂಲತಃ ಯಿಡ್ಡಿಷ್, ಅಂದರೆ ಯುರೋಪಿನ ಯಹೂದಿಗಳ ಭಾಷೆಯ, ನಾಟಕದ ಹಾಡು. ಇವರ ಅಪ್ಪ ಗ್ರೀಸ್‌ನವನು, ಅಮ್ಮನ ಮೂಲ ನಾರ್ವೆ. ಮನೆಯಲ್ಲಿ ಯಾರಿಗೂ ಸಂಬಂಧವಿಲ್ಲದ ಭಾಷೆ! ಗ್ರಾಮಫೋನ್ ತಟ್ಟೆ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು.

"ಹಾಗಾದ್ರೆ ಹುಡುಗಿಯರು ಲಕ್ಷಾಧಿಪತಿಗಳು."

"ಐವತ್ತು ಡಾಲರ್."

"ಒಬ್ಬೊಬ್ಬರಿಗಾ?"

"ಮೂವರಿಗೂ ಸೇರಿ. ಮಾರಾಟದಲ್ಲಿ ಪಾಲಿಲ್ಲ. ಅದೇ ವಾಸಿ. ರಾಗ ಹಾಕಿದ ಶೋಲೋಮ್ ಸೆಕುಂಡ, ಸಾಹಿತ್ಯ ಬರೆದ ಜೇಕಬ್ಸ್, ಇಬ್ಬರೂ ಸೇರಿ ಹಾಡನ್ನೇ ಮೂವತ್ತು ಡಾಲರ್‌ಗೆ ಮಾರಿಬಿಟ್ಟಿದ್ದರು. ನನ್ನ ಪಾಪಕ್ಕೆ ಮಗನಿಗೆ ಶಿಕ್ಷೆ ಆಯ್ತು ಅಂತ ಸೆಕುಂಡನ ತಾಯಿ ದೇವರ ಹತ್ತಿರ ಕ್ಷಮೆ ಕೇಳುತ್ತಾ ಇದ್ದಳಂತೆ."

"ದೇವರು ಕೇಳಿಸಿಕೊಂಡನಾ?"

"ನಿಧಾನಕ್ಕೆ. 1961ರಲ್ಲಿ ಹಕ್ಕು ವಾಪಸ್ ಬಂತು."

"ನಮ್ಮ ಕೋರ್ಟಿಗಿಂತ ವಾಸಿ ಬಿಡು" ಅಂದಳು ವೇಣಿ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಮೂವರೂ ಸಮವಸ್ತ್ರ ತೊಟ್ಟು ಸೈನಿಕರ ಮುಂದೆ ಹಾಡಿದರು. ಆಗಿನ ದೊಡ್ಡ ಗಾಯಕ ಬಿಂಗ್ ಕ್ರಾಸ್ಬಿ ಜೊತೆ ಹಾಡಿದರು. ಸಿನಿಮಾಗಳಲ್ಲಿ ಬಂದರು. ಎಲ್ಲಾ ಚೆನ್ನಾಗಿತ್ತು. ಮೂರ್ತಿಗೆ ಅದೇ ಬೇಜಾರು.

"ಜಗಳ ಎಲ್ಲಿ ಮಾರಾಯ?"

"ಬಂತು ಇರು. ಪ್ಯಾಟಿ ತಂಡದ ಪಿಯಾನೋದವನನ್ನೇ ಮದುವೆಯಾದಳು. ಗಂಡ ಅವಳ ಮ್ಯಾನೇಜರ್ ಆದ. 1953ರಲ್ಲಿ ಅವಳು ಬೇರೆ ಹೊರಟಳು. ಅಕ್ಕಂದಿರಿಗೆ ವಿಷಯ ತಿಳಿದದ್ದು ಪೇಪರಿನ ಗಾಸಿಪ್ ಅಂಕಣದಿಂದ!"

"ಹಾಂ!" ಮೂರ್ತಿ ನೆಟ್ಟಗೆ ಕೂತ.

"ಮರುವರ್ಷ, ಅಪ್ಪ-ಅಮ್ಮನ ಆಸ್ತಿಯಲ್ಲಿ ನನ್ನ ಪಾಲು ಕೊಡು ಅಂತ ಲಾವರ್ನ್ ಮೇಲೆ ಕೇಸು ಹಾಕಿದಳು."

"ಆಸ್ತಿ! ನಾನು ಹೇಳ್ಲಿಲ್ವಾ! ಈಗ ನಂಬ್ತೀನಿ ನೋಡು, ಅವರು ಒಡಹುಟ್ಟಿದವರೇ. ಇಷ್ಟು ಹೊತ್ತು ಏನೋ ಅನುಮಾನ ಇತ್ತು."

"1956ರಲ್ಲಿ ಮತ್ತೆ ಒಂದಾದರು ಕಣೋ."

ಮೂರ್ತಿಯ ಮುಖ ಸಪ್ಪಗಾಯಿತು. "ಒಂದಾದ ಮೇಲೆ?"

"ಅಷ್ಟರಲ್ಲಿ ರಾಕ್ ಅಂಡ್ ರೋಲ್ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಬಂದಾಗಿತ್ತು. ಊರೆಲ್ಲಾ ಅವನದೇ ಹಾಡು."

"ಅವನಿಗೆ ಎಷ್ಟು ಜನ ಅಕ್ಕಂದಿರು?"

"ಒಬ್ಬಳೂ ಇಲ್ಲ."

"ಅದಕ್ಕೇ ಮುಂದೆ ಬಂದ" ಅಂದ ಮೂರ್ತಿ.